ನೂರಾ ಹತ್ತು ವೋಲ್ಟ್

"ಕೈ ತೆಗೀರಿ ಟೀಚರ್, ಸ್ವಿಚ್ ಹಾಕ್ತೀನಿ," ಎಂದ ಇಲಿಯಾಸ್.

ಭಾರತಿ ಪ್ರಿಂಟರಿನ ಮೇಲಿಟ್ಟ ಕೈ ತೆಗೆಯಲಿಲ್ಲ. "ಇರ್ಲಿ. ನನಗ ಕಾಣಂಗಿಲ್ಲ. ಏನಾಗಾಕತ್ತೈತಿ ಅಂತ ಕೈಗಾದ್ರೂ ತಿಳೀಲಿ."

"ಹಂಗಂದ್ರ ನಾ ಹಾಕಂಗೇ ಇಲ್ಲ. ಶಾಕ್ ಹೊಡದ್ರ?"

ಅವಳು ಕೈಯನ್ನು ಮಡಿಲಿಗೆ ಎಳೆದುಕೊಂಡಳು.

ಅಮೆರಿಕದಲ್ಲಿ ಅಂಧರ ಶಾಲೆಯೊಂದು ಮುಚ್ಚಿದಾಗ ಬೇಡವಾದ, ಹಾಳೆಯ ಮೇಲೆ ಉಬ್ಬು ಚುಕ್ಕೆ ಒತ್ತುವ ಬ್ರೈಲ್ ಪ್ರಿಂಟರ್ ಅದು, ಮೂವತ್ತೈದು ವರ್ಷ ಹಳೆಯದು. ಭಾರತಿಯ ಹೈದರಾಬಾದಿನ ಗೆಳತಿಯ ಮೂಲಕ ಮಸ್ಕಿಗೆ ಬಂದಿತ್ತು. ಅದಕ್ಕೆ ಬೇಕಾದದ್ದು ನೂರಾ ಹತ್ತು ವೋಲ್ಟ್. ಭಾರತಿಯ ಮನೆಯ ಗೋಡೆಯಲ್ಲಿ ಬರುವುದು ಇನ್ನೂರ ಮೂವತ್ತು. ಸಿಂಧನೂರಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಇಲಿಯಾಸ್, ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರನ್ನು ತಾನೇ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ.

ಹೊಸ್ತಿಲ ಹತ್ತಿರ ಆರ್ಜೂ ಕೂತಿದ್ದಳು. ಲಿಂಗಸುಗೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಭಾರತಿಯ ಹಾಗೆ ಅವಳಿಗೂ ಕಣ್ಣಿಲ್ಲ. ಎರಡು ವರ್ಷದಿಂದ ಕಿವಿಯೂ ಮಂದವಾಗುತ್ತಿತ್ತು. ಮೊಬೈಲು ಪಾಠ ಓದಿ ಹೇಳಿದರೆ ಬರೀ ಗುಂಯ್‌ಗುಡುತ್ತಿತ್ತು. ಅವಳಿಗೆ ಉಳಿದಿದ್ದು ಬೆರಳೊಂದೇ. ಸೋಮವಾರ ಇತಿಹಾಸದ ಪರೀಕ್ಷೆ, ಇವತ್ತು ಶನಿವಾರ. ನೋಟ್ಸು ಐವತ್ತೆರಡು ಹಾಳೆ.

ಸ್ವಿಚ್ ಬಿತ್ತು. ಟ್ರಾನ್ಸ್‌ಫಾರ್ಮರ್ ಸಣ್ಣಗೆ ಗುನುಗಿತು.

"ನೂರಾ ಹದಿನೈದು ಬರಾಕತ್ತೈತಿ, ಚಲೋ ಐತ್ರಿ," ಎಂದು ಮೀಟರ್ ನೋಡಿ ಹೇಳಿದ ಇಲಿಯಾಸ್, ಪ್ರಿಂಟರಿನ ಹಿಂದಿನ ತಗಡಿನ ಬರಹ ಓದಲು ಬಗ್ಗಿ, ಲೊಚಗುಟ್ಟಿದ.

"ಯಾಕ? ಏನಾತು?"

"ಇದರಾಗ ಕರೆಂಟು ಸೆಕೆಂಡಿಗೆ ಅರವತ್ತು ಸೈಕಲ್ ಇರಬೇಕಂತ ಬರದೈತ್ರಿ. ನಮ್ಮ ಲೈನ್ ಐವತ್ತು. ವೋಲ್ಟೇಜ್ ಇಳಿಸಬಲ್ಲೆ, ಸೈಕಲ್ ಬದಲಿ ಮಾಡೋದು ನನ್ನ ಕೈಯಾಗಿಲ್ಲ. ಒಳಗಿನ ಕಾಯಿಲ್ ಬಿಸಿ ಆಕ್ಕೈತಿ."

"ಎಷ್ಟು ಬಿಸಿ?"

"ಅದನ್ನ ಹೆಂಗ ಹೇಳ್ಲಿ?"

ಭಾರತಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಪ್ರಿಂಟರ್ ಒಮ್ಮೆ ಕೆಮ್ಮಿದಂತಾಗಿ, ದಪ್ಪ ಹಾಳೆಯ ಮೇಲೆ ದಡದಡ ಕುಟ್ಟತೊಡಗಿತು. ನೆಲದ ಅದುರಿಗೆ ಆರ್ಜೂ ಮುಖವೆತ್ತಿದಳು. "ಟೀಚರ್, ಬಂತೇನ್ರಿ?"

ಹತ್ತು ಹಾಳೆ. ಇಪ್ಪತ್ತು. ಈಗ ಭಾರತಿಯ ಅಂಗೈ ಮುಚ್ಚಳದ ಮೇಲಿತ್ತು, ಇಲಿಯಾಸ್ ಬೇಡವೆನ್ನಲಿಲ್ಲ. ಬೆಚ್ಚಗಿದ್ದದ್ದು ಬಿಸಿಯಾಯಿತು. ನಡುವೆ ಎರಡು ಸಲ ನಿಲ್ಲಿಸಿ ಆರಲು ಬಿಟ್ಟರು. ಮೂವತ್ತು, ನಲವತ್ತು. ಅವಳು ಎಣಿಸುವುದನ್ನು ಬಿಟ್ಟು ಮುಚ್ಚಳದತ್ತ ಬಗ್ಗಿದಳು. ಮೂಗಿಗೆ ಏನೋ ಬಡಿಯಿತು, ಬಿಸಿ ವಾರ್ನಿಶಿನಂಥದ್ದು.

"ಇಲಿಯಾಸಣ್ಣ, ವಾಸನಿ ಬಂತಾ?"

ಇಪ್ಪತ್ತು ವರ್ಷ ಸುಟ್ಟ ಮೋಟಾರು ಬಿಚ್ಚಿದವನಿಗೆ ಆ ವಾಸನೆ ತನಗಿಂತ ಮೊದಲೇ ಬಂದಿರಬೇಕೆಂದು ಅವಳಿಗೆ ಹೊಳೆಯಿತು.

"ಬಂದೈತ್ರಿ," ಎಂದ ಅವನು. "ಇನ್ನ ಆರೇ ಹಾಳಿ ಅದಾವು. ಹುಡುಗಿ ಕುಂತಾಳ. ಹೆಂಗ ಹೇಳ್ಲಿ?"

ದಡದಡ ನಡೆದೇ ಇತ್ತು. ಆರು ಹಾಳೆಗೆ ಎಷ್ಟು ಹೊತ್ತು? ಐದು ನಿಮಿಷವೂ ಇಲ್ಲ. ಭಾರತಿಯ ಕೈ ಗೋಡೆ ತಡವುತ್ತ ಹೋಗಿ ಪ್ಲಗ್ಗನ್ನು ಕಿತ್ತುಬಿಟ್ಟಿತು.

ಮನೆ ಒಮ್ಮೆಲೇ ಮೌನವಾಯಿತು. ಇಲಿಯಾಸ್ ಸ್ಕ್ರೂ ಬಿಚ್ಚುವ ಸದ್ದಷ್ಟೇ ಕೇಳುತ್ತಿತ್ತು. ಅವಳು ಸೀರೆಯ ಸೆರಗಿನಲ್ಲಿ ಬೆವರಿದ ಅಂಗೈ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಕಾಯಿಲ್ ಸುಟ್ಟಿಲ್ಲ," ಎಂದ ಅವನು. "ಇನ್ನೊಂದೀಟು ಬಿಟ್ಟಿದ್ರ ಹೋಗ್ತಿತ್ರಿ. ರಾತ್ರಿಯೆಲ್ಲ ಆರ್ಲಿ. ನಾಳೆ ಮುಂಜಾನೆ ಒಳಗ ಸಣ್ಣ ಫ್ಯಾನ್ ಕುಂದರಸ್ತೀನಿ, ಉಳಿದದ್ದು ತೆಗೆಯೋಣ."

ಆರ್ಜೂ ಆಗಲೇ ಹಾಳೆಗಳನ್ನು ಮಡಿಲಿಗೆ ಎಳೆದುಕೊಂಡಿದ್ದಳು. ಕೊನೆಯ ಹಾಳೆಯ ಸಾಲಿನಲ್ಲಿ ಅವಳ ಬೆರಳು ಬೇಗಬೇಗ ಓಡಿ, ತಟ್ಟನೆ ನಿಂತಿತು. ಮುಂದೆ ಕಾಗದ ನುಣ್ಣಗಿತ್ತು. ಹಾಳೆ ತಿರುವಿ ಹಿಂಬದಿಯನ್ನೂ ಸವರಿದಳು.

"ಟೀಚರ್, 'ಪೋರ್ಚುಗೀಸರ ಹಡಗುಗಳು' ಅಂತ ಐತಿ. ಮುಂದ?"

ಭಾರತಿ ಅವಳ ಪಕ್ಕ ಕೂತು, ಕಿವಿಯ ಹತ್ತಿರ ಬಾಯಿ ಒಯ್ದು, ಜೋರಾಗಿ ಕೂಗಿದಳು: "ಕಲ್ಲಿಕೋಟೆಗೆ ಬಂದವು!"

ಬೀದಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದ ಯಾರೋ ಗಕ್ಕನೆ ನಿಂತು ಒಳಗೆ ಇಣುಕಿದರು.