ಜನವರಿ ಮೂವತ್ತರ ಕರಿಹಲಗೆ

ಗಾಂಧೀಜಿ ಹೋದ ದಿನವೇ ಹೋದ, ಪುಣ್ಯವಂತ ಎಂದು ಯಾರಾದರೂ ಬಾಯಿ ಬಿಟ್ಟರೆ ರುದ್ರಾಣಿಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ವರ್ಷದಿಂದ ಇದೇ ಸಮಾಧಾನ. ಎಂಥಾ ಪುಣ್ಯ, ಮಣ್ಣು! ಬಾಳೂರಿನ ಇಳಿಜಾರಿನಲ್ಲಿ ಎಸ್ಟೇಟ್ ಜೀಪು ಉರುಳಿ ಗಂಡ ಸುಬ್ಬಣ್ಣ ಸತ್ತದ್ದು ಜನವರಿ ಮೂವತ್ತಕ್ಕೆ, ನಿಜ. ಆದರೆ ಅವನನ್ನು ಕೊಂದದ್ದು ತಾರೀಖಲ್ಲ, ಬ್ರೇಕು. ಬ್ರೇಕ್ ಹಿಡಿಯುತ್ತಿಲ್ಲ ಎಂದು ಜೀಪು ಓಡಿಸುವ ಅವನೇ ಎಸ್ಟೇಟಿನ ಸಾಹುಕಾರ ಚಂದ್ರಶೇಖರಪ್ಪನವರ ಮುಂದೆ ಗೋಗರೆದಿದ್ದ. "ಕುಯ್ಲು ಮುಗೀಲಿ ಮಾರಾಯ, ಆಮೇಲೆ ನೋಡನ" ಎಂದಿದ್ದರು ಅವರು. ಕಣದಲ್ಲಿ ಕಾಫಿ ಹರಡುತ್ತಿದ್ದ ರುದ್ರಾಣಿ ಅದನ್ನು ಕಿವಿಯಾರೆ ಕೇಳಿದ್ದಳು.

ಈಗ ಗಾಂಧೀಜಿ ತೀರಿ ಐವತ್ತು ವರ್ಷವಾಯಿತೆಂದು ಶಾಲೆಯಲ್ಲಿ ಸಭೆ. ಮುಖ್ಯ ಅತಿಥಿ ಅದೇ ಚಂದ್ರಶೇಖರಪ್ಪನವರು. ರುದ್ರಾಣಿಗೂ ಕರೆ ಬಂದಿತ್ತು. ಹೋಗಿ ನೋಡಿದರೆ ನಿರಂಜನ ಮೇಷ್ಟ್ರು ಕರಿಹಲಗೆಯ ಮೇಲೆ 'ಚರಿತ್ರೆಯಲ್ಲಿ ಈ ದಿನ' ಎಂದು ದುಂಡಗೆ ಬರೆದಿದ್ದರು. 1948: ಗಾಂಧೀಜಿ ಹತ್ಯೆ. ಅದೇ ವರ್ಷ, ಅದೇ ದಿನ: ವಿಮಾನ ಹಾರಿಸಿದ ಆರ್ವಿಲ್ ರೈಟ್ ನಿಧನ. ಅದರ ಕೆಳಗೆ, 1997: ನಮ್ಮೂರ ಸುಬ್ಬಣ್ಣ ದೈವಾಧೀನ.

"ಸಾಹುಕಾರ್ರೇ ಹೇಳಿ ಬರೆಸಿದ್ದು ಮಾರಾಯ್ತಿ. ಎಷ್ಟು ದೊಡ್ಡ ಮನಸ್ಸು ನೋಡು" ಎಂದರು ಮೇಷ್ಟ್ರು.

"ಗಾಂಧಿಯವ್ರಿಗೆ ಹತ್ಯೆ ಅಂತ ಬರ್ದೀರಲ್ಲ, ನಮ್ಮನೆಯವ್ರದ್ದು ಮಾತ್ರ ದೇವ್ರ ತಲೆಗೆ ಯಾಕೆ ಕಟ್ತೀರಿ? ಬ್ರೇಕ್ ಇರ್ಲಿಲ್ಲ ಅಂತ ಬರೀರಿ!"

"ಸುಮ್ನಿರು, ಅತಿಥಿಗಳು ಬಂದ್ರು."

ಸುಮ್ಮನಿರಬೇಕಂತೆ! ಗಂಡನನ್ನು ಕಳಕೊಂಡವಳೇ ಸುಮ್ಮನಿರಬೇಕು, ಅವನ ಜೀವ ಕಳೆದವರಿಗೆ ಹಾರ ಹಾಕಬೇಕು.

ಹನ್ನೊಂದಕ್ಕೆ ಗಂಟೆ ಬಡಿಯಿತು. ಎರಡು ನಿಮಿಷ ಮೌನ. ಯಾರೂ ಅಲುಗಾಡುವಂತಿಲ್ಲ, ತುಟಿ ಬಿಚ್ಚುವಂತಿಲ್ಲ. ಹಾರ ಹಾಕಿಸಿಕೊಂಡ ಚಂದ್ರಶೇಖರಪ್ಪನವರು ಕೈಕಟ್ಟಿ ತಲೆ ತಗ್ಗಿಸಿದರು. ರುದ್ರಾಣಿ ಮಾತ್ರ ನೆಟ್ಟಗೆ ಹಲಗೆಯ ಹತ್ತಿರ ನಡೆದಳು. ಸೆರಗಿನಿಂದ ದೈವಾಧೀನವನ್ನು ಒರೆಸಿ ಹಾಕಿದಳು. ಸೀಮೆಸುಣ್ಣ ಕಿರ್ರೆಂದಿತು. ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ತಡೆಯಲು ಹೋದರೆ ಗಾಂಧೀಜಿಗೇ ಅವಮಾನ. ಸಾಹುಕಾರರ ಕಿವಿ ಕೆಂಪಗಾಯಿತು, ಆದರೂ ನಿಂತಲ್ಲೇ ನಿಂತಿದ್ದರು. ಅವಳಿಗೆ ಅಡ್ಡ ಬಾಯಿ ಹಾಕದೆ ಊರು ಇಷ್ಟು ಹೊತ್ತು ಇದ್ದದ್ದು ಇದೇ ಮೊದಲು.

ಗಂಟೆ ಮತ್ತೆ ಬಡಿಯಿತು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಮಕ್ಕಳು ದಿನದ ರೂಢಿಯಂತೆ ಹಲಗೆಯ ಮೇಲಿದ್ದದ್ದನ್ನು ಒಟ್ಟಾಗಿ, ಗಟ್ಟಿಯಾಗಿ ಓದತೊಡಗಿದರು. ಗಾಂಧೀಜಿ ಆಯಿತು, ರೈಟ್ ಆಯಿತು.

"ನಮ್ಮೂರ ಸುಬ್ಬಣ್ಣ ಬ್ರೇಕ್ ಇಲ್ಲದ ಜೀಪಿಗೆ ಬಲಿ. ಸಾಹುಕಾರರಿಗೆ ಮೊದಲೇ ಗೊತ್ತಿತ್ತು."

ಮೌನ ಮುಗಿದಿತ್ತು. ಚಂದ್ರಶೇಖರಪ್ಪನವರು ತಲೆ ಎತ್ತಲಿಲ್ಲ.