ತೊಳೆಯಬಾರದ ಫಿಲ್ಟರ್

ನಮ್ಮನೆ ಬೈಕು ಒಂದು ವಾರದಿಂದ ಟಕಟಕ ಅಂತ ಗೊಣಗುತ್ತಿತ್ತು. ವಯಸ್ಸಾದ ಗಾಡಿ, ಒಂದಿಷ್ಟು ಗೊಣಗಿಕೊಳ್ಳಲಿ ಅಂತ ಎಲ್ಲರೂ ಸುಮ್ಮನಿದ್ದೆವು. ನಿಮ್ಮ ಮನೆಯಲ್ಲೂ ಹೀಗೇ ತಾನೆ?

ನಾನು ನರ್ಸ್. ಹಾಸಿಗೆ ಹಿಡಿದವರ ಮನೆಗೇ ಹೋಗಿ ಗಾಯಕ್ಕೆ ಪಟ್ಟಿ ಕಟ್ಟುವುದು ನನ್ನ ಕೆಲಸ. ದಿನಕ್ಕೆ ಹನ್ನೊಂದು ಮನೆ. ಬೈಕಿಲ್ಲದಿದ್ದರೆ ನಾಲ್ಕು ಮನೆ ಮುಟ್ಟಿದರೆ ಹೆಚ್ಚು. ಗಾಡಿಯ ಆರೈಕೆಯೆಲ್ಲ ನಮ್ಮ ಮಾವನದು. ಊರಿನ ನೀರು ಸೋಸುವ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಜಾಲರಿ ತೊಳೆದವರು ಅವರು. ತಾನಿರುವ ತನಕ ಯಾರ ನಲ್ಲಿಯಲ್ಲೂ ಕೊಳೆ ನೀರು ಬರಲಿಲ್ಲ ಅಂತ ಅವರಿಗೆ ಹೆಮ್ಮೆ. ನಮಗೂ ಹೆಮ್ಮೆಯೇ.

ನನ್ನ ನಾದಿನಿ, ಅಂದರೆ ಮಾವನ ಸ್ವಂತ ಮಗಳು, ಮೆಕ್ಯಾನಿಕ್. ಬೀದಿಯ ಕೊನೆಗೆ ಅವಳದೇ ಗ್ಯಾರೇಜು. ದೂರದ ಊರುಗಳಿಂದಲೂ ಅವಳನ್ನು ಹುಡುಕಿಕೊಂಡು ಗಾಡಿ ತರುತ್ತಾರೆ. ಆದರೆ ಮಾವ ನಮ್ಮ ಬೈಕನ್ನು ಅವಳು ಮುಟ್ಟಲು ಬಿಡುತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ.

ಆ ಮಂಗಳವಾರ ಏರು ರಸ್ತೆಯಲ್ಲಿ ಎಂಜಿನ್ ಕಾದು ನಿಂತೇಹೋಯಿತು. ಇನ್ನೂ ಏಳು ಮನೆ ಬಾಕಿ. ಒಬ್ಬ ಅಜ್ಜಿಯ ಕಾಲಿನ ಹುಣ್ಣಿಗೆ ಅವತ್ತು ಪಟ್ಟಿ ಬದಲಿಸಲೇಬೇಕಿತ್ತು. ನಾದಿನಿಗೆ ಫೋನ್ ಮಾಡಿದೆ. ಬಂದವಳು ಒಂದು ಮಾತೂ ಕೇಳದೆ ತನ್ನ ಗಾಡಿ ನನಗೆ ಕೊಟ್ಟು, ನಮ್ಮದನ್ನು ತಳ್ಳಿಕೊಂಡು ಹೋದಳು.

ಸಂಜೆ ಗ್ಯಾರೇಜಿಗೆ ಹೋದರೆ ಮಾವ ಕೈಕಟ್ಟಿ, ಮುಖ ಗಂಟಿಕ್ಕಿ ನಿಂತಿದ್ದರು. ನಾದಿನಿಯ ಅಂಗೈಯಲ್ಲಿ ಬೈಕಿನ ಆಯಿಲ್ ಫಿಲ್ಟರ್. ಅದರ ಕಾಗದದ ಮಡಿಕೆಗಳು ಹರಿದು ಜೋತುಬಿದ್ದಿದ್ದವು.

"ಅಪ್ಪಾ, ಇದನ್ನ ತೊಳ್ದಿದ್ಯಾ?"

"ತೊಳೀದೆ ಮತ್ತೆ? ಪ್ರತಿ ಸಲ ಪೆಟ್ರೋಲಲ್ಲಿ ತೊಳ್ದು, ಒಣಗ್ಸಿ ಹಾಕ್ತೀನಿ. ಸೋಸೋ ವಸ್ತು ಇರೋದೇ ತೊಳ್ದು ಬಳಸೋಕೆ. ಬಿಸಾಡು ಅನ್ನೋದು ಅಂಗಡಿಯವರ ಬುದ್ಧಿ."

ಅವಳು ದನಿ ಏರಿಸಲಿಲ್ಲ. ಕಾಗದದ ಫಿಲ್ಟರಿನಲ್ಲಿ ಕೊಳೆ ಒಳಗಿನ ಎಳೆಗಳಲ್ಲೇ ಕೂತಿರುತ್ತೆ, ಎಷ್ಟು ತೊಳೆದರೂ ಹೋಗದು ಎಂದಳು. ಪೆಟ್ರೋಲಿಗೆ ಮಡಿಕೆ ಹಿಡಿದಿಟ್ಟ ಅಂಟು ಬಿಡುತ್ತೆ, ಕಾಗದ ಹರಿಯುತ್ತೆ, ಸೋಸದ ಆಯಿಲ್ ಕಸದ ಸಮೇತ ಎಂಜಿನ್‌ಗೆ ಹೋಗುತ್ತೆ ಎಂದೂ ಬಿಡಿಸಿ ಹೇಳಿದಳು.

"ನೀನು ತೊಳೀತಿದ್ದದ್ದು ಲೋಹದ ಜಾಲರಿ ಅಪ್ಪಾ. ಇದು ಬರೀ ಕಾಗದ."

ಮಾವ ಒಂದು ಮಡಿಕೆಯನ್ನು ಬೆರಳಲ್ಲಿ ತಿಕ್ಕಿದರು. ಅದು ಚಿಂದಿಯಾಗಿ ಕೈಗೆ ಬಂತು. ಎಂಜಿನ್ ಹೋಯಿತೇ ಎಂದು ಕೇಳಿದರು. ಉಳಿದಿದೆ, ಇನ್ನೊಂದು ವಾರ ಓಡಿಸಿದ್ದರೆ ಹೋಗುತ್ತಿತ್ತು ಎಂದಳು. ಮಾವ ನನ್ನ ಕಡೆ ತಿರುಗಿದರು.

"ನಿನ್ನ ರೋಗಿಗಳಿಗೆ ನಾನೇ ಅಡ್ಡ ಬಂದೆ ಕಣಮ್ಮ."

ಅಜ್ಜಿಯ ಪಟ್ಟಿ ಬದಲಿಸಿಯೇ ಬಂದೆ ಎಂದು ನಾನು ಹೇಳಿದೆ.

ನಾದಿನಿ ಆಗ ಮೇಜಿನ ಮೇಲಿದ್ದ ಸ್ಟೀಲ್ ಜಾಲರಿಯ ಫಿಲ್ಟರನ್ನು ತೋರಿಸಿದಳು. ಯಾರದೋ ಗಾಡಿಯದು, ಆಗಷ್ಟೇ ತೊಳೆದಿಟ್ಟಿದ್ದಳು. ಇಂಥದ್ದು ನಮ್ಮ ಬೈಕಿಗೂ ಸಿಗುತ್ತಂತೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತೆ. ಸೋಮಾರಿಗಳಿಗೆ ಮಾತ್ರ ಆಗಿಬರಲ್ಲ. ಆಯಿಲ್ ಬದಲಿಸಿದಾಗಲೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ, ರಬ್ಬರ್ ರಿಂಗ್ ನೋಡಿ ಹಾಕಬೇಕು. ಅಷ್ಟು ಪುರುಸೊತ್ತಿಲ್ಲದವರು ಕಾಗದದ್ದನ್ನೇ ಹಾಕಲಿ, ಆದರೆ ಪ್ರತಿ ಸಲ ಹೊಸದು.

ಅವಳು ಹೇಳುತ್ತಿದ್ದಂತೆ ಮಾವ ಕನ್ನಡಕ ಏರಿಸಿ, ಆ ಜಾಲರಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನಿಧಾನವಾಗಿ ತಿರುಗಿಸುತ್ತಿದ್ದರು.

"ಇಲ್ಲಿ ಅಂಚು ಬಿಟ್ಕೊಂಡಿದೆ ನೋಡು."

ಕೂದಲೆಳೆಯಷ್ಟು ಸೀಳು. ನಾದಿನಿ ಮತ್ತೆ ಮತ್ತೆ ನೋಡಿದಳು. ತನ್ನ ಕಣ್ಣಿಗೆ ಬಿದ್ದಿರಲಿಲ್ಲ ಎಂದು ಒಪ್ಪಿಕೊಂಡು, ಹೊಸದೇ ಬೇಕೆಂದು ಗಾಡಿಯವರಿಗೆ ಫೋನ್ ಮಾಡಿ ಹೇಳಿ, ಅದನ್ನು ಗುಜರಿ ಡಬ್ಬಕ್ಕೆ ಹಾಕಿದಳು. ಎಂಥ ಅಪ್ಪ, ಎಂಥ ಮಗಳು ಅಂತ ನಾನು ಒಳಗೊಳಗೇ ಬೀಗಿದೆ.

ನಮ್ಮ ಬೈಕಿಗೆ ಸ್ಟೀಲ್ ಜಾಲರಿಯೇ ಬಂತು. ತೊಳೆಯುವುದು ಮಾವ, ಹಾಕುವುದು ಮಗಳು. ನನ್ನ ಹನ್ನೊಂದು ಮನೆಗಳೂ ಮಧ್ಯಾಹ್ನದೊಳಗೆ ಮುಗಿಯುತ್ತವೆ.

ಮೊನ್ನೆ ಗ್ಯಾರೇಜಿನಲ್ಲಿ ಬೇಕರಿಯವರೊಬ್ಬರು, ತಾವು ಕಾಗದದ ಫಿಲ್ಟರನ್ನು ಮೂರು ಸಲ ತೊಳೆದು ಓಡಿಸಿದ್ದಾಗಿ ಜಂಬ ಕೊಚ್ಚುತ್ತಿದ್ದರು. ಮೂಲೆಯಲ್ಲಿದ್ದ ಮಾವ ಎದ್ದು ಬಂದರು.

"ಹಾಗ್ ಮಾಡ್ಬೇಡಿ ಸ್ವಾಮಿ. ನಾನೂ ಹಾಗೇ ತೊಳ್ದು ಸೊಸೆನ ನಡುರಸ್ತೇಲಿ ನಿಲ್ಲಿಸ್ದೋನು. ಇವಳು ನನ್ನ ಮಗಳು, ಇಲ್ಲಿಯ ಮೆಕ್ಯಾನಿಕ್. ಇವಳ ಹತ್ರ ಕಲ್ತೆ."

ನಾಲ್ಕು ಜನರೆದುರು ಮಾವ ಈ ಮಾತು ಹೇಳಿದ್ದು ಅದೇ ಮೊದಲು. ನಾದಿನಿ ನಮಗೆ ಬೆನ್ನು ಹಾಕಿ, ಆಗಲೇ ಬಿಗಿಯಾಗಿದ್ದ ಬೋಲ್ಟನ್ನು ಇನ್ನೊಮ್ಮೆ ಬಿಗಿ ಮಾಡಿದಳು.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈ ಸಲ ಆಯಿಲ್ ಬದಲಿಸುವಾಗ ನಿಮ್ಮ ಗಾಡಿಯ ಫಿಲ್ಟರ್ ಕಾಗದದ್ದೋ ಜಾಲರಿಯದೋ ಕೇಳಿ. ಗಾಡಿಯ ಜೊತೆ ಬಂದ ಪುಸ್ತಕವನ್ನೂ ತೆರೆದು ನೋಡಿ. ಕಾಗದದ್ದಾದರೆ ಹೊಸದು ಹಾಕಿಸಿ. ಜಾಲರಿಯದಾದರೆ ತೊಳೆದು, ಬೆಳಕಿಗೆ ಹಿಡಿದು ನೋಡಿ. ಹಳೆ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಗ್ಯಾರೇಜಿಗೆ ಕೊಡಿ. ಗೊತ್ತಿಲ್ಲದಿದ್ದರೆ ನಿಮಗಿಂತ ಚಿಕ್ಕವರನ್ನಾದರೂ ಕೇಳಿ. ನಮ್ಮ ಮಾವ ಎಪ್ಪತ್ತರ ವಯಸ್ಸಿನಲ್ಲಿ ಮಗಳನ್ನು ಕೇಳಿದರು, ಅವರ ತಲೆ ಈಗ ಮೊದಲಿಗಿಂತ ಎತ್ತರದಲ್ಲೇ ಇದೆ.