ಮಾನಪ್ಪನ ಹಾರೆ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ, ಆಸ್ಪತ್ರೆಯ ಹಿಂದಿನ ಸ್ಮಶಾನದಲ್ಲಿ ಕುಣಿ ತೋಡುವ ಮಾನಪ್ಪ ಬಾಗಿಲಿಗೆ ಬಂದ.

“ಅಕ್ಕಾರ, ನನ್ನ ಹಾರಿ ಬೇಕಾಗೇತ್ರಿ. ದವಾಖಾನ್ಯಾಗ ಒಂದು ಕೂಸು ತೀರ್ಕೊಂಡೈತಿ.”

ಲಿಂಗಸುಗೂರಿನ ಹಳೆಯ ಇಂಗ್ಲಿಷ್ ದಂಡಿನ ಚರ್ಚಿನ ಹಿಂದೆ ಹೂತುಹೋದ ಗೋರಿಗಲ್ಲುಗಳನ್ನು ಎಬ್ಬಿಸಿ ಓದಲೆಂದು, ಇತಿಹಾಸದ ಮಾಸ್ತರರಾಗಿದ್ದ ಇವರು ಅದನ್ನು ಅವನಿಂದ ತಂದಿದ್ದರು. “ನಾವು ಲಿಂಗಾಯತರು, ಸತ್ತೋರನ್ನ ಕುಣ್ಯಾಗ ಕೂಡಿಸ್ತೀವಿ. ಇಂಗ್ಲಿಷ್ ಸಿಪಾಯಿಗಳು ನೋಡು, ಆರಾಮ ಮಲಗ್ಯಾರ” ಎಂದು ನಗಿಸುತ್ತಿದ್ದರು. ಹಾರೆಯ ಮೇಲೆ ಅವರ ಕೈಯ ಗುರುತು ಒಣಮಣ್ಣಿನಲ್ಲಿ ಹಾಗೇ ಇತ್ತು.

“ನಿನ್ನೆ ಇವರ ಕುಣಿ ಯಾವುದರಿಂದ ತೋಡಿದಿ?” ಎಂದೆ.

“ಬ್ಯಾರೇದವರದು ಇಸಕೊಂಡಿದ್ದೆ. ಇದನ್ನ ಕೇಳಾಕ ಬಾಯಿ ಬರ್ಲಿಲ್ರಿ.”

“ತೊಳದು ಕೊಡವಾ” ಎಂದರು ಒಳಗಿನಿಂದ ಅತ್ತೆ.

ತೊಳೆಯಲಿಲ್ಲ. ಇಟ್ಟುಕೊಳ್ಳಬೇಕೆನಿಸಿತು. ಆದರೆ ಕೂಸು ಕಾಯುತ್ತಿತ್ತು. ಗುರುತಿದ್ದ ಕಡೆ ಮುಟ್ಟದೆ ಎತ್ತಿ, ಹಾರೆಯನ್ನು ಅವನ ಕೈಗೆ ಕೊಟ್ಟೆ.